ಶುಕ್ರವಾರ ರಿಲೀಸ್

ಮಾವಿನಕಟ್ಟೆ ಕೊಪ್ಪಲು,
ಪಾಂಡವಪುರ ತಾಲ್ಲೂಕು
ಜುಲೈ 9, ಬುಧವಾರ

ಮಗಳೆ ಸಹನ,

ಈ ಸೀಮೆಯಲ್ಲಿ ನಲವತ್ತು ವರ್ಷದಿಂದ ಗೆದ್ದ ಹಾಡುಗಳನ್ನೆಲ್ಲ ಮೊದಲು ಕಂಡುಹಿಡಿದವನು ನಿನ್ನ ಸೋದರಮಾವ ಚಲುವರಾಜು. ನಾನು ತಲೆದೂಗದ ಹಾಡು ಶ್ರೀರಂಗಪಟ್ಟಣದ ಸೇತುವೆ ದಾಟಿಲ್ಲ, ಕಿಕ್ಕೇರಿ ಬಸ್ಸು ಹತ್ತಿಲ್ಲ. ರೇಡಿಯೋದವರು ಹೊಸ ಹಾಡು ಹಾಕುವ ಮುಂಚೆ ನನಗೊಂದು ಕಾರ್ಡು ಬರೆದು, 'ಚಲುವರಾಜಣ್ಣ, ಹಾಕಬಹುದಾ?' ಎಂದು ಕೇಳುತ್ತಿದ್ದರು. ಆ ಕಾರ್ಡುಗಳನ್ನು ಗೆದ್ದಲು ತಿಂದಿತು, ಇಲ್ಲದಿದ್ದರೆ ನಿನಗೆ ತೋರಿಸುತ್ತಿದ್ದೆ.

ಅಂಥವನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ! ನಾನು ಕಳಿಸಿದ್ದೇನು? ಬೆಳಗ್ಗೆ ಒಂದಷ್ಟು ಶುಭೋದಯ, ಮಧ್ಯಾಹ್ನ ಒಂದಷ್ಟು ಮನೆಮದ್ದು, ರಾತ್ರಿ ಒಂದಷ್ಟು ಶುಭರಾತ್ರಿ. ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವಾಗ ಫೋನು ಕುಯ್‌ಗುಟ್ಟಿ ಮಾಲೀಕರು ಗದರಿದರಂತೆ, ನಿಮ್ಮವ್ವ ಹೇಳಿದಳು. ಇರಲಿ ಬುಡು. ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಕಾಗದ ಬರೆಯಲು ಬರುತ್ತದೆ.

ನೀನು ಹಾಡು ಮಾಡಿದ್ದೀಯಂತೆ. ಜನಕ್ಕೆ ಹೇಗೆ ಮುಟ್ಟಿಸುವುದು ಎಂದು ಚಿಂತೆಯಂತೆ. ನನ್ನನ್ನು ಕೇಳು. ನಮ್ಮ ಕಾಲದಲ್ಲಿ ಹಾಡನ್ನು ಯಾರೂ ಹುಡುಕುತ್ತಿರಲಿಲ್ಲ. ಅದು ಬಂದು ಬಡಿಯುವ ಜಾಗದಲ್ಲಿ ಹೋಗಿ ನಿಲ್ಲುತ್ತಿದ್ದೆವು. ಪಾಂಡವಪುರದಲ್ಲಿ ಕ್ಯಾಸೆಟ್ ಅಂಗಡಿಯ ಮುಂದೆ ಸೈಕಲ್ ಚೈನು ಬಿದ್ದುಹೋಯಿತು ಎಂದು ಬಗ್ಗಿದರೆ ಎರಡು ಹಾಡು ಮುಗಿಯುವ ತನಕ ಆ ಚೈನು ಕೂರುತ್ತಿರಲಿಲ್ಲ. ಆಮೇಲೆ ಕೆ.ಆರ್. ಪೇಟೆಯ ಪ್ರೈವೇಟ್ ಬಸ್ಸು: ಡ್ರೈವರನಿಗೆ ಹಿಡಿಸಿದರೆ ದಾರಿಯುದ್ದದ ಹಳ್ಳಿಗೆಲ್ಲ ಹಿಡಿಸಿದ ಹಾಗೆ. ಆಮೇಲೆ ಮೊಬೈಲ್ ಅಂಗಡಿಯವನು ಮೆಮೊರಿ ಕಾರ್ಡಿಗೆ ತುಂಬಿಕೊಡುತ್ತಿದ್ದ. ನಾವು ಕೇಳಿದ್ದು ನಾಲ್ಕಾದರೆ ಅವನು ಹಾಕಿದ್ದು ನಲವತ್ತು. ಒಳ್ಳೆಯವೆಲ್ಲ ಆ ಕೇಳದ ಹಾಡುಗಳಲ್ಲೇ ಇರುತ್ತಿದ್ದವು.

ಎರಡು ವಿಷಯ ಬರಿ. ಒಂದು, ನಿನ್ನ ಹಾಡು ಯಾವತ್ತು ಬರುತ್ತದೆ? ಎರಡು, ನಾಲೆಗೆ ನೀರು ಯಾವತ್ತು ಬಿಡುತ್ತಾರೆ? ನಿಮ್ಮಪ್ಪ ಗೇಟು ತಿರುಗಿಸುವವನೇ ಆಗಿದ್ದರೂ ಬಾಯಿ ಬಿಡುವುದಿಲ್ಲ. ಇಲ್ಲಿ ಎಲ್ಲರೂ ಒಟ್ಲು ಬಿಟ್ಟು ಸಸಿ ಮಾಡಲು ಭತ್ತದ ಬೀಜ ಇಟ್ಟುಕೊಂಡು ಆಕಾಶ ನೋಡುತ್ತಿದ್ದಾರೆ. ಪುರಾಣ ಬೇಡ, ತಾರೀಕು ಬರೆದರೆ ಸಾಕು.

ನಿನ್ನ ಬ್ಲಾಕ್ ಆದ ಮಾವ,
ಚಲುವರಾಜು

◆

ಕೆ.ಆರ್.ಎಸ್.
ಜುಲೈ 12, ಶನಿವಾರ
(ಅಂಚೆ ಕಾರ್ಡು)

ಮಾವ,

ಪುರಾಣ ಬೇಡ ಅಂದಿದ್ದೀರಿ, ಹಾಗಾಗಿ ಕಾರ್ಡು. ಹದಿನೆಂಟು, ಶುಕ್ರವಾರ, ಬೆಳಗ್ಗೆ ರಿಲೀಸ್. ನಾಲೆ ತುಂಬ ನೀರು. ಲಿಂಕನ್ನು ಅತ್ತೆಯ ಫೋನಿಗೆ ಕಳಿಸುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಸಹನ

◆

ಮಾವಿನಕಟ್ಟೆ ಕೊಪ್ಪಲು
ಜುಲೈ 16, ಬುಧವಾರ

ಮಗಳೆ,

ನಿನ್ನ ಕಾರ್ಡು ಬಂದ ಗಳಿಗೆಯಿಂದ ನಾನು ನೆಲದ ಮೇಲೆ ನಡೆದಿಲ್ಲ. ಡೇರಿಯ ಮುಂದೆ ಹಾಲು ಹಾಕಲು ನಿಂತಿದ್ದವರ ಎದುರು ಓದಿದೆ. "ಶುಕ್ರವಾರ ರಿಲೀಸ್ ಕಣ್ರಲಾ! ನಾಲೆ ತುಂಬ!" ಎಂದೆ. ಹೊನ್ನಪ್ಪ ಇದ್ದಾನಲ್ಲ, ನಾನು ಉಸಿರಾಡಿದರೂ ಸುಳ್ಳು ಅನ್ನುವವನು, "ಯಾರ್ಲಾ ಏಳುದ್ದು ನಿಂಗೆ?" ಅಂದ. "ಗೇಟಿನ ದೇವರಾಜನ ಮನೆಯಿಂದ ಬಂದ ಸುದ್ದಿ ಕಣ್ಲಾ, ಓದ್ಕೊ" ಎಂದು ಕಾರ್ಡನ್ನು ಅವನ ಮೂಗಿಗೆ ಹಿಡಿದೆ. ಎರಡು ಸಲ ಓದಿದ.

ಊರೆಲ್ಲ ತಯಾರಾಗಿದೆ. ಗದ್ದೆ ಉಳಲು ಲೋಕೇಶನ ಟ್ರಾಕ್ಟರಿಗೆ ಮುಂಗಡ ಕೊಟ್ಟಿದ್ದೇನೆ. ನನ್ನನ್ನು ನೋಡಿ ಇನ್ನಷ್ಟು ಜನ ಕೊಟ್ಟರು. ಶುಕ್ರವಾರ ಬೆಳಗ್ಗೆ ನೋಡಬೇಕು, ಗಂಡಸರು ಹೆಂಗಸರು ಎಲ್ಲ ನಾಲೆ ಏರಿಯ ಮೇಲೇ ಇರುತ್ತಾರೆ. ಲಿಂಕು ಬಂದ ಕೂಡಲೇ ಸುತ್ತಲಿನ ಊರುಗಳ ರೈತರ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕುತ್ತೇನೆ. ನಿನ್ನ ಹೆಸರು ಚಿನ್ನದಲ್ಲಿ ಬರೆಸುತ್ತೇನೆ.

ಅಂದಹಾಗೆ, ನಿನ್ನ ಹಾಡಿನ ತಾರೀಕು ಬರೆಯುವುದನ್ನು ಮರೆತೆಯಲ್ಲೇ ಹುಚ್ಚುಹುಡುಗಿ?

ಮಾವ

◆

ಕೆ.ಆರ್.ಎಸ್.
ಜುಲೈ 18, ಶುಕ್ರವಾರ

ಮಾವ,

ನನ್ನ ಕಾರ್ಡಿಗೆ ನಿಮ್ಮ ಉತ್ತರ ಇನ್ನೂ ಕೈಸೇರಿಲ್ಲ. ಆದರೆ ನೀವು ಟ್ರಾಕ್ಟರಿಗೆ ಮುಂಗಡ ಕೊಟ್ಟಿದ್ದೀರಿ ಎಂದು ಅತ್ತೆ ನಿನ್ನೆ ಫೋನಿನಲ್ಲಿ ಹೇಳಿದರು. ದಯವಿಟ್ಟು ಬೇಡ. ಟ್ರಾಕ್ಟರಿನಲ್ಲಿ ಸ್ಪೀಕರು ಕಟ್ಟಿಸಿ ನನ್ನ ಹಾಡಿಗೆ ಮೆರವಣಿಗೆ ಮಾಡಿಸಿದರೆ ನಾನು ಆ ಕಡೆ ತಲೆ ಹಾಕುವುದಿಲ್ಲ.

ಬೆಳಗ್ಗೆ ಹಾಡು ಹಾಕಿಯಾಯಿತು. ಅತ್ತೆಗೆ ಲಿಂಕ್ ಕಳಿಸಿದ್ದೇನೆ. ಈಗ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬಸ್ಸಿನ ತಪ್ಪು. ರೆಕಾರ್ಡ್ ಮಾಡಿದ್ದು ಶ್ರೀರಂಗಪಟ್ಟಣದಲ್ಲಿ, ನನ್ನ ಗೆಳತಿ ಚೈತನ್ಯಳ ಮನೆಯ ಮಹಡಿಯ ಕೋಣೆಯಲ್ಲಿ. ಗೋಡೆಗೆಲ್ಲ ಹಳೆಯ ಹಾಸಿಗೆ ಒರಗಿಸಿದ್ದೆವು. ಆದರೂ ಎರಡನೇ ಚರಣದಲ್ಲಿ ಒಂದು ಕಾಗೆ ಸೇರಿಕೊಂಡಿದೆ.

ಚೈತನ್ಯ ಹೇಳುವುದು ಹೀಗೆ: ಈಗ ಹಾಡು ಹುಡುಕಿಕೊಡುವುದು ಡ್ರೈವರೂ ಅಲ್ಲ, ಅಂಗಡಿಯವನೂ ಅಲ್ಲ, ಆ್ಯಪು. ಜನ ಅರ್ಧಕ್ಕೆ ಬಿಟ್ಟು ಹೋದರೆ ಅದು ಹಾಡನ್ನು ಮೂಲೆಗೆ ತಳ್ಳುತ್ತದೆ. ಪೂರ್ತಿ ಕೇಳಿ, ಮತ್ತೆ ಮೊದಲಿನಿಂದ ಕೇಳಿದರೆ, ಕೇಳದವರ ಮುಂದೂ ತಂದಿಡುತ್ತದೆ. ಗುರುತಿಲ್ಲದ ಹುಡುಗಿಯ ಹಾಡನ್ನು ಕೊನೆಯವರೆಗೆ ಯಾರು ಕೇಳುತ್ತಾರೆ ಮಾವ? ನೀವಾದರೂ ಕೇಳಿ.

ಅಪ್ಪನಿಗೆ ಇವತ್ತು ಸಂಜೆ ಹೇಳುತ್ತೇನೆ.

ಸಹನ

◆

ನಾಗಮಂಗಲ
(ನನ್ನ ಷಡ್ಡಕ ತಮ್ಮಯ್ಯನ ಮನೆ)
ಜುಲೈ 21, ಸೋಮವಾರ

ಮಗಳೆ,

ಒಂದು ಮುಖ್ಯವಾದ ವ್ಯವಹಾರದ ಮೇಲೆ ನಾಗಮಂಗಲಕ್ಕೆ ಬಂದಿದ್ದೇನೆ. ಎಷ್ಟು ದಿನ ಎಂದು ಹೇಳಲಾಗದು. ಫೋನುಗಳನ್ನು, ನಿಮ್ಮತ್ತೆಯದನ್ನೂ ಸೇರಿಸಿ, ಆಫ್ ಮಾಡಿಸಿದ್ದೇನೆ. ನಿನ್ನ ಹಾಡಿನ ಅಭಿಮಾನಿಗಳ ಕಾಟ.

ಹಾಡು ಭರ್ಜರಿಯಾಗಿ ಹೋಯಿತು. ಶುಕ್ರವಾರ ಬೆಳಗ್ಗೆ ಇಡೀ ಊರು ಗುದ್ದಲಿ ಹಿಡಿದು ನಾಲೆ ಏರಿಯ ಮೇಲೆ ನಿಂತು ಕೇಳಿತು. ಸುತ್ತಲ ಊರಿನವರೂ ಅವರವರ ಏರಿಯ ಮೇಲೆ ನಿಂತು ಕೇಳಿದರಂತೆ. ಅರ್ಧಕ್ಕೆ ಒಬ್ಬನೂ ಬಿಡಲಿಲ್ಲ. ಲೋಕೇಶ ಮಧ್ಯದಲ್ಲಿ, "ಇದ್ಯಾವ್ದೋ ಆಡು ಕಣ್ರಲಾ" ಅಂದ. "ಸುಮ್ಕಿರ್ಲಾ, ಕೊನೇಲಿ ಟೈಮು ಏಳ್ತಾರೆ" ಎಂದು ಹೊನ್ನಪ್ಪ ಅವನನ್ನು ಗದರಿದ. ಕೊನೆಯಲ್ಲಿ ಏನೂ ಹೇಳದಿದ್ದಾಗ, ಎಲ್ಲೋ ಕಾಗೆ ಕೂಗಿದ ಕಡೆ ತಪ್ಪಿಹೋಗಿರಬೇಕು ಎಂದು ಎಲ್ಲರೂ ಮತ್ತೆ ಮೊದಲಿನಿಂದ ಹಾಕಿದರು.

'ನಾಲೆ ತುಂಬ ನೀರು, ನನ್ನ ಬಿಂದಿಗೆ ಮಾತ್ರ ಖಾಲಿ' ಎಂಬ ಸಾಲು ಬಂದಾಗ ದೊಡ್ಡ ಚರ್ಚೆಯಾಯಿತು. "ಬಿಂದ್ಗೆ ಖಾಲಿ ಅಂದ್ರೆ ಕೊನೇ ಊರಿಗೆ ನೀರು ಬರಲ್ಲ ಅಂತ ಕಣಪ್ಪ, ಗೂಢವಾಗಿ ಏಳವ್ರೆ" ಎಂದು ಕುಳ್ಳಮ್ಮ ಅರ್ಥ ಬಿಡಿಸಿದಳು. ಆಗ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಒಂದೇ ಒಂದು ಪದದ ವಿಷಯದಲ್ಲಿ ಊರಿನವರಿಗೂ ನನಗೂ ಸಣ್ಣ ಭಿನ್ನಾಭಿಪ್ರಾಯ ಬಂದಿದೆ. ನೀನು ತಲೆ ಕೆಡಿಸಿಕೊಳ್ಳಬೇಡ. ನನಗೆ ಈ ವಿಷಯದಲ್ಲಿ ಹೋದದ್ದು ಬರೀ ಐವತ್ತು ಸಾವಿರ ರೂಪಾಯಿ. ನನ್ನಂಥವನಿಗೆ ಅದೊಂದು ಲೆಕ್ಕವೇ?

ನಿಮ್ಮಪ್ಪ ಹಾಡು ಕೇಳಿ ಮುಖ ಗಂಟಿಕ್ಕಿದ್ದರೆ ಹೇಳು, ನಾನೇ ಬಂದು ಬುದ್ಧಿ ಹೇಳುತ್ತೇನೆ. ಈಗಲ್ಲ, ಸ್ವಲ್ಪ ದಿನ ಬಿಟ್ಟು.

ಮಾವ

◆

ಕೆ.ಆರ್.ಎಸ್.
ಜುಲೈ 23, ಬುಧವಾರ
(ಸ್ಪೀಡ್ ಪೋಸ್ಟ್)

ಮಾವ,

ಬ್ಲಾಕ್ ತೆಗೆದು ಫೋನ್ ಮಾಡಿದೆ. ಆಫ್. ಅತ್ತೆಯದೂ ಆಫ್. ತಮ್ಮಯ್ಯನವರ ನಂಬರು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಆದ್ದರಿಂದ ಸ್ಪೀಡ್ ಪೋಸ್ಟ್.

ಶುಕ್ರವಾರ ರಾತ್ರಿ ಹಾಡನ್ನು ಕೇಳಿದವರ ಸಂಖ್ಯೆ ನೋಡಿ ಚೈತನ್ಯ ಕುಣಿದಾಡಿದಳು. ನಾನೂ ಕುಣಿದೆ. ಆಮೇಲೆ ಕೆಳಗಿನ ಕಾಮೆಂಟು ಓದಿದೆ. 'ನೀರು ಎಲ್ಲಿ ಮೇಡಂ?' 'ಎಷ್ಟನೇ ನಿಮಿಷದಲ್ಲಿ ಹೇಳಿದ್ದೀರಿ?' 'ಎಡದಂಡೆಗೂ ಉಂಟಾ?' ನಮಗೆ ಒಂದೂ ಅರ್ಥವಾಗಲಿಲ್ಲ. ಶನಿವಾರ ನಿಮ್ಮ 16ರ ಕಾಗದ ಬಂತು, ಆಗ ಎಲ್ಲ ಅರ್ಥವಾಯಿತು. ನೀವು ಎರಡು ಪ್ರಶ್ನೆ ಕೇಳಿದ್ದಿರಿ. ನಾನು ಹಾಡಿನ ಸಂಭ್ರಮದಲ್ಲಿ ಒಂದಕ್ಕೆ ಉತ್ತರ ಬರೆದೆ. ನೀವು ಅದನ್ನು ಇನ್ನೊಂದಕ್ಕೆ ಹಚ್ಚಿಕೊಂಡಿರಿ. 'ನಾಲೆ ತುಂಬ ನೀರು' ನನ್ನ ಹಾಡಿನ ಹೆಸರು ಮಾವ.

ಈಗ ನಗುವ ಹೊತ್ತಲ್ಲ. ಆ ಶನಿವಾರವೇ ಜನ ನೀರಾವರಿ ಆಫೀಸಿನ ಮುಂದೆ ಬಂದು, ರಿಲೀಸ್ ಅಂದಿರಲ್ಲ ನೀರೆಲ್ಲಿ ಎಂದು ಗಲಾಟೆ ಮಾಡಿದರು. ಸುದ್ದಿ ಯಾರು ಕೊಟ್ಟರು ಎಂದು ಕೇಳಿದ್ದಕ್ಕೆ, ಗೇಟಿನ ದೇವರಾಜು ಮನೆಯಿಂದ ಬಂತು ಎಂದರಂತೆ. ಅಪ್ಪನನ್ನು ಗೇಟಿನ ಕೆಲಸದಿಂದ ಬಿಡಿಸಿ ಆಫೀಸಿನಲ್ಲಿ ಕೂರಿಸಿದ್ದಾರೆ. ಸೋಮವಾರ ಇಂಜಿನಿಯರು ವಿಚಾರಿಸುತ್ತಾರೆ. ಸುಳ್ಳು ಸುದ್ದಿ ಹಬ್ಬಿಸಿದರು ಎಂದು ಬರೆದುಬಿಟ್ಟರೆ ಸಸ್ಪೆಂಡ್.

ಅಪ್ಪ ಬೈಯಲಿಲ್ಲ. ಅದೇ ನನಗೆ ತಡೆಯಲಾಗುತ್ತಿಲ್ಲ. ನಿನ್ನೆ ಸಂಜೆ, "ಯಾವ್ದವ್ವ ಅದು, ಒಂದ್ಸಲ ಆಕು" ಅಂದರು. ಚಪ್ಪಲಿ ಕೂಡ ಬಿಡದೆ, ಬಾಗಿಲಲ್ಲಿ ನಿಂತೇ ಪೂರ್ತಿ ಕೇಳಿದರು. "ಕಾಗೆ ಚೆನ್ನಾಗ್ ಕೂಗೈತೆ" ಎಂದು ಒಳಗೆ ಹೋದರು. ಊಟ ಮಾಡಲಿಲ್ಲ.

ಅವರು ವಿಚಾರಣೆಯಲ್ಲೂ ನಿಮ್ಮ ಹೆಸರು ಹೇಳುವುದಿಲ್ಲ, ನನಗೆ ಗೊತ್ತು. ಸೋಮವಾರ ನೀವು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬರದಿದ್ದರೆ ನಾನು ಹಾಡನ್ನು ತೆಗೆದುಹಾಕಿ, ತಪ್ಪು ನನ್ನದೇ ಎಂದು ಬರೆದುಕೊಡುತ್ತೇನೆ. ಅಪ್ಪನ ಕೆಲಸಕ್ಕಿಂತ ಹಾಡು ದೊಡ್ಡದಲ್ಲ.

ಸಹನ

◆

ಮಾವಿನಕಟ್ಟೆ ಕೊಪ್ಪಲು
ಜುಲೈ 29, ಮಂಗಳವಾರ

ಮಗಳೆ,

ನೆಮ್ಮದಿಯಿಂದ ಉಸಿರು ಬಿಡು. ನಾನಂತೂ ನಿನ್ನೆ ಮಧ್ಯಾಹ್ನದಿಂದ ಬಿಡುತ್ತಲೇ ಇದ್ದೇನೆ. ನೀನು ಅಂಗಡಿಯಲ್ಲಿದ್ದೆ, ನಿಮ್ಮಪ್ಪ ಎರಡು ಮಾತಿನಲ್ಲಿ ಹೇಳಿ ಮುಗಿಸಿರುತ್ತಾನೆ. ಸರಿಯಾದ ಕಥೆ ನನ್ನ ಬಾಯಲ್ಲೇ ಕೇಳು.

ನಿನ್ನ ಕಾಗದ ಓದಿದವನು ಹುಲಿಯ ಹಾಗೆ ಎದ್ದೆ. ಸೋಮವಾರ ಮೊದಲ ಬಸ್ಸಿಗೆ ಪಾಂಡವಪುರಕ್ಕೆ ಬಂದು ಇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಪ್ಪ, ಕುಳ್ಳಮ್ಮ ಸಿಕ್ಕಿದರು. "ಬನ್ರಪ್ಪ, ಒಂದು ನ್ಯಾಯ ಹೇಳೋದಿದೆ" ಎಂದು ಇಬ್ಬರನ್ನೂ ಜೊತೆಗೆ ಕರೆದುಕೊಂಡು ಕೆ.ಆರ್.ಎಸ್. ಆಫೀಸಿಗೆ ನುಗ್ಗಿದೆ.

ನಿಮ್ಮಪ್ಪ ಗೋಡೆಗೆ ಅಂಟಿಕೊಂಡು ನಿಂತಿದ್ದ. ಇಂಜಿನಿಯರು ಕನ್ನಡಕದ ಮೇಲಿನಿಂದ ನೋಡಿ, "ಈ ರಿಲೀಸ್ ಸುದ್ದಿ ಹಬ್ಬಿಸಿದ್ದು ಯಾರು?" ಅಂದರು.

"ನಾನೇ ಸ್ವಾಮಿ. ಆದರೆ ಅದು ಸುದ್ದಿಯಲ್ಲ, ಹಾಡು."

"ಹಾಡು ಹೇಗ್ರಿ ರಿಲೀಸ್ ಆಗುತ್ತೆ?"

"ನನಗೂ ಅದೇ ಗೊತ್ತಿರಲಿಲ್ಲ ಸ್ವಾಮಿ. ನಮ್ಮ ಕಡೆ ರಿಲೀಸ್ ಅಂದರೆ ನೀರೇ."

"ಕಥೆ ಕಟ್ಟಬೇಡಿ. ಎಂಥ ಹಾಡು ಅದು?"

ನಾನು ಫೋನು ತೆಗೆದೆ. ಚಾರ್ಜು ಇರಲಿಲ್ಲ. ವಾರದಿಂದ ಆಫ್ ಮಾಡಿಟ್ಟಿದ್ದೆನಲ್ಲ, ತಮ್ಮಯ್ಯನ ಮನೆಯಲ್ಲಿ ಚಾರ್ಜಿಗೆ ಹಾಕುವುದೇ ಮರೆತಿದ್ದೆ. ಆಗ ಕುಳ್ಳಮ್ಮ, ಅವಳ ಬಾಯಿಗೆ ಸಕ್ಕರೆ ಹಾಕಬೇಕು, "ಬುದ್ಯೋರೆ, ನಾ ಏಳ್ತೀನಿ ತಡೀರಿ. ವಾರದಿಂದ ಬರೀ ಅದೇ ಬಾಯಿಗೆ ಬತ್ತೈತೆ" ಎಂದು ಸೆರಗು ಸರಿ ಮಾಡಿಕೊಂಡು ಶುರುಮಾಡಿದಳು. 'ನಾಲೆ ತುಂಬ ನೀರೂ...'

ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು ನೋಡು, ಬಾಗಿಲ ಹತ್ತಿರದಿಂದ ಮುಂದಿನ ಸಾಲು ಬಂತು. 'ನನ್ನ ಬಿಂದಿಗೆ ಮಾತ್ರ ಖಾಲಿ.' ಹಾಡಿದವನು ಇಂಜಿನಿಯರ ಜೀಪಿನ ಡ್ರೈವರು ಅಪ್ಪು. ಹಾಡಿದ ಮೇಲೆ ಎಲ್ಲಿ ನಿಂತಿದ್ದೇನೆ ಎಂದು ನೆನಪಾಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡ.

"ನಿನಗೆ ಹೇಗಯ್ಯಾ ಗೊತ್ತು ಈ ಹಾಡು?" ಎಂದರು ಇಂಜಿನಿಯರು.

"ಸಾ, ನಾಲ್ಕು ದಿನದಿಂದ ಜೀಪಲ್ಲಿ ಅದೇ ಅಲ್ವಾ ಸಾ ಬರ್ತಿರೋದು. ಫೋನೇ ತಾನಾಗಿ ಆಕ್ಬುಡ್ತು. ನೀವೇ ಬೆಳಗ್ಗೆ, ಸೌಂಡ್ ಜಾಸ್ತಿ ಮಾಡು, ಆ ಕಾಗೆ ಬರೋ ಜಾಗ ಚೆನ್ನಾಗಿದೆ ಅಂದ್ರಿ."

ಇಂಜಿನಿಯರು ನಿಮ್ಮಪ್ಪನ ಕಡೆ ತಿರುಗಿ, "ಅದನ್ನು ಹಾಡಿರೋದು ನಿಮ್ಮ ಮಗಳೇನ್ರಿ ದೇವರಾಜು?" ಎಂದರು. ನಿಮ್ಮಪ್ಪ ಹೌದು ಎಂದು ತಲೆಯಾಡಿಸಿದ. ಅವರು ಮೊದಲು ತುಟಿ ಕಚ್ಚಿಕೊಂಡರು, ಆಮೇಲೆ ಕನ್ನಡಕ ತೆಗೆದು ನಕ್ಕರು ನೋಡು, ಹೊರಗಿದ್ದ ಗುಮಾಸ್ತರೆಲ್ಲ ಇಣುಕಿದರು. 'ತಪ್ಪು ತಿಳಿವಳಿಕೆ, ನೌಕರರ ದೋಷವಿಲ್ಲ' ಎಂದು ಬರೆದು, "ಹೋಗ್ರಿ, ಗೇಟಿಗೆ ಹೋಗಿ. ಶನಿವಾರ ನಿಜವಾಗಿಯೂ ರಿಲೀಸ್ ಇದೆ" ಅಂದರು. ನನಗೆ ಮಾತ್ರ ಬೆರಳು ತೋರಿಸಿ, "ಇದನ್ನು ನೀವು ಯಾರಿಗೂ ಹೇಳಕೂಡದು" ಅಂದರು. ಪಾಂಡವಪುರ ಮುಟ್ಟುವ ತನಕ ಹೇಳಲಿಲ್ಲ.

ಹಾಡು ತೆಗೆದೀಯ, ಜೋಕೆ!

ಮಾವ

◆

ಕೆ.ಆರ್.ಎಸ್.
ಆಗಸ್ಟ್ 3, ಭಾನುವಾರ

ಮಾವ,

ಅಪ್ಪ ಎರಡಲ್ಲ, ಮೂರು ಮಾತು ಹೇಳಿದರು. ಮೂರನೆಯದು ಇದು: ನೀವು ಹೊನ್ನಪ್ಪನವರನ್ನು ಕರೆದುಕೊಂಡು ಬಂದದ್ದಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದ ನಿಮ್ಮ ಶರ್ಟಿನ ಕಾಲರು ಹಿಡಿದು ಅವರೇ ಬಸ್ಸು ಹತ್ತಿಸಿದರಂತೆ. ಆದರೆ ಸಿಕ್ಕಿಬೀಳುವಾಗ ನಿಮ್ಮ ಕೈಯಲ್ಲಿ ಕೆ.ಆರ್.ಎಸ್. ಟಿಕೆಟ್ ಆಗಲೇ ಇತ್ತಂತೆ. ಅದನ್ನು ಹೊನ್ನಪ್ಪನವರೇ ಅಪ್ಪನಿಗೆ ಹೇಳಿದರಂತೆ. ನನಗೆ ಅಷ್ಟು ಸಾಕು.

ನಿನ್ನೆ ನೀರು ಬಿಟ್ಟರು. ಅಪ್ಪನಿಗೆ ಬುತ್ತಿ ಕೊಡುವ ನೆಪದಲ್ಲಿ ನಾನೂ ಹೋಗಿದ್ದೆ. ಗೇಟಿನ ಚಕ್ರ ತಿರುಗಿಸುತ್ತಾ ಏನೋ ಗುನುಗುತ್ತಿದ್ದರು. ನೀರಿನ ಸದ್ದಿಗೆ ಕೇಳಿಸಲಿಲ್ಲ, ಆದರೆ ಚಕ್ರ ನನ್ನ ಹಾಡಿನ ತಾಳಕ್ಕೇ ತಿರುಗುತ್ತಿತ್ತು. ಮನೆಗೆ ಬಂದು ಎರಡು ಮುದ್ದೆ ಉಂಡರು. ಅವ್ವ ದೇವರಿಗೆ ದೀಪ ಹಚ್ಚಿದಳು.

ಈಗ ಬರುವ ಕಾಮೆಂಟುಗಳೇ ಬೇರೆ. ಯಾರೋ ಬರೆದಿದ್ದಾರೆ, 'ನೀರು ಹುಡುಕಿಕೊಂಡು ಬಂದೆ, ಹಾಡು ಸಿಕ್ಕಿತು. ಈಗ ಎರಡೂ ಬಂತು.' ಎರಡನೇ ಹಾಡು ಯಾವಾಗ ಎಂದು ಕೇಳುತ್ತಿದ್ದಾರೆ. ಕಾಗೆಯೂ ಇರಲಿ ಅನ್ನುತ್ತಿದ್ದಾರೆ. ಚೈತನ್ಯ ದಿನಾ ಕಿಟಕಿಗೆ ಅನ್ನ ಇಡುತ್ತಿದ್ದಾಳೆ.

ಬ್ಲಾಕ್ ತೆಗೆದಿದ್ದೇನೆ. ಶುಭೋದಯ ಕಳಿಸಬೇಡಿ, ಕಾಗದ ಬರೆಯುವುದನ್ನು ನಿಲ್ಲಿಸಬೇಡಿ.

ಒಂದೇ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿದೆ. ನಿಮ್ಮ ಐವತ್ತು ಸಾವಿರ. ಸಂಬಳದಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡುತ್ತೇನೆ. ಅತ್ತೆಗೆ ಗೊತ್ತಾಗದ ಹಾಗೆ. ಈ ತಿಂಗಳೇ ಶುರು ಮಾಡುತ್ತೇನೆ.

ಸಹನ

◆

ಮಾವಿನಕಟ್ಟೆ ಕೊಪ್ಪಲು
ಆಗಸ್ಟ್ 7, ಗುರುವಾರ

ಮಗಳೆ,

ಫೋನಿನಲ್ಲಿ ಹೇಳುವ ಮಾತಲ್ಲ ಇದು, ನಿಮ್ಮತ್ತೆ ಕಿವಿ ಕೊಡುತ್ತಾಳೆ. ಸಂಬಳಕ್ಕೆ ಕೈ ಹಾಕಬೇಡ ತಾಯಿ. ಇನ್ನೊಂದು ಹಾಡಿಗೆ ಇಟ್ಟುಕೊ.

ನಮ್ಮ ಗದ್ದೆಗೂ ನೀರು ಬಂತು. ಲೋಕೇಶನ ಟ್ರಾಕ್ಟರು ಕೆಸರಲ್ಲಿ ಓಡಾಡುತ್ತಿದೆ, ಅದರಲ್ಲೂ ನಿನ್ನ ಹಾಡೇ. ಮುಂಗಡ ಕೊಟ್ಟಿದ್ದವರಿಗೆಲ್ಲ ಅವನು ಕೆಲಸದ ಬಾಡಿಗೆಯಲ್ಲಿ ಮುರಿದುಕೊಂಡ. ನನ್ನದನ್ನು ಮಾತ್ರ ಮುರಿದುಕೊಳ್ಳಲಿಲ್ಲ. ಕೇಳಿದ್ದಕ್ಕೆ, "ಚಲುವಣ್ಣ, ಆವತ್ತು ನಾಲೆ ಏರಿ ಮ್ಯಾಲೆ ನಿಂತ್ಕಂಡು ಆಡು ಕೇಳ್ದಲ್ಲ, ಅದ್ರ ಟಿಕೀಟು ಅಂದ್ಕೊ" ಎಂದು ಜೇಬಿಗೆ ಹಾಕಿಕೊಂಡ. ಹೊನ್ನಪ್ಪ ಪಕ್ಕದಲ್ಲೇ ನಿಂತು ಹಲ್ಲು ಬಿಡುತ್ತಿದ್ದ. ನಾನೂ ಬಿಟ್ಟೆ, ಇನ್ನೇನು ಮಾಡಲಿ?

ಮೊತ್ತದ ವಿಷಯ ನೀನು ಯಾರ ಹತ್ತಿರವೂ ಎತ್ತಕೂಡದು. ಊರಲ್ಲಿ, ನಾಗಮಂಗಲದಲ್ಲಿ, ನಿಮ್ಮತ್ತೆಯ ತವರಿನಲ್ಲಿ, ಎಲ್ಲ ಕಡೆ ಐವತ್ತು ಸಾವಿರ ಎಂದೇ ಓಡುತ್ತಿದೆ. ಮೊನ್ನೆ ಕಿಕ್ಕೇರಿಯಿಂದ ಬಂದವನೊಬ್ಬ ಎಪ್ಪತ್ತು ಅಂದ. ನಾನು ಇಲ್ಲ ಅನ್ನಲಿಲ್ಲ. ಯಾಕೆ ಗೊತ್ತಾ? ಅಷ್ಟು ದುಡ್ಡು ಕಳೆದ ಹಾಡು ಯಾವುದಪ್ಪ ಎಂದು ಕೇಳಿದವರೆಲ್ಲ ಆಗಲೇ ಫೋನು ತೆಗೆಯುತ್ತಾರೆ. ನಿನ್ನ ಆ್ಯಪು ಮಾಡುವ ಕೆಲಸವನ್ನು ನನ್ನ ನಷ್ಟವೂ ಮಾಡುತ್ತಿದೆ. ನಿಜವಾದ ಮೊತ್ತ ಹೇಳಿದರೆ ಒಂದು ನಾಯಿಯೂ ತಿರುಗಿ ನೋಡುವುದಿಲ್ಲ.

ಆದರೆ ನಿನಗೆ ಹೇಳದೆ ಇರಲಾಗುತ್ತಿಲ್ಲ. ಓದಿದ ಕೂಡಲೇ ಈ ಕಾಗದ ಹರಿದುಹಾಕು.

ಎಂಟುನೂರು ರೂಪಾಯಿ.